ತೊದಲು ಯಾರದು

"ಅಕ್ಕಾ, ತಲಿದಿಂಬು ಒಂದ್ಚೂರು ಮ್ಯಾಲ..." ಎನ್ನುವಷ್ಟರಲ್ಲಿ ಪ್ರಭುಲಿಂಗನ ಮಾತು ನಿಂತುಹೋಯಿತು.

ಗಿರಣಿಯ ಬಾಯಿಗೆ ಜೋಳ ಸುರಿಯುತ್ತಿದ್ದ ಮಹಾನಂದಾ ಡಬ್ಬಿಯನ್ನು ಅಲ್ಲೇ ಇಟ್ಟು ಒಳಕೋಣೆಗೆ ಓಡಿದಳು. ಅವಳ ತಮ್ಮ ಪ್ರಭುಲಿಂಗ ಹಾಸಿಗೆಯ ಮೇಲೆ ಹಾಗೆಯೇ ಇದ್ದ. ಕಣ್ಣುಗಳು ಮಾತ್ರ ಎದುರಿನ ಕಂಪ್ಯೂಟರಿನ ಮೇಲೆ ನೆಟ್ಟಿದ್ದವು. ಪರದೆ ತುಂಬ ನೀಲಿ ಬಣ್ಣ, ಅದರ ಮೇಲೆ ಬಿಳಿಯ ನಾಲ್ಕು ಸಾಲು. ಬೆಳಗಿನಿಂದ ಇದು ಮೂರನೆಯ ಸಲ.

ಎರಡು ವರ್ಷಗಳಿಂದ ಪ್ರಭುಲಿಂಗನ ಬಾಯಿ ಮಾತಾಡಿರಲಿಲ್ಲ. ಮೂವತ್ತಾರನೆಯ ವಯಸ್ಸಿಗೆ ಮಿದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿ ಕೈ, ಕಾಲು, ನಾಲಗೆ ಎಲ್ಲ ಹೋಗಿದ್ದವು. ಉಳಿದದ್ದು ಎರಡು ಕಣ್ಣು ಮತ್ತು ಅವುಗಳ ಹಿಂದಿನ ಚುರುಕಾದ ಬುದ್ಧಿ. ಮೇಲೆ ನೋಡಿದರೆ ಹೌದು, ರೆಪ್ಪೆ ಮುಚ್ಚಿದರೆ ಅಲ್ಲ. ಒಂದು ವರ್ಷ ಅಕ್ಕ ತಮ್ಮ ಇಷ್ಟರಲ್ಲೇ, ಒಂದು ಅಕ್ಷರಹಲಗೆಯ ನೆರವಿನಿಂದ, ಬದುಕಿದರು. ಆಮೇಲೆ ಹುಬ್ಬಳ್ಳಿಯ ಪ್ರಯೋಗಾಲಯವೊಂದು ಇಂಥ ಹನ್ನೆರಡು ಜನರನ್ನು ಆರಿಸಿ, ಅವರ ಮಿದುಳಿನ ಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯ ಒಂದು ಪೊರೆಯನ್ನು ಕೂರಿಸಿತು. ಬಾಯಿಗೆ, ನಾಲಗೆಗೆ, ಗಂಟಲಿಗೆ ಮಿದುಳು ಕಳಿಸುವ ಅಪ್ಪಣೆಯನ್ನು ಆ ಪೊರೆ ಹಿಡಿಯುತ್ತಿತ್ತು. ತಲೆದಿಂಬಿನ ಬಳಿಯ ಡಬ್ಬಿ ಅದನ್ನು ಕಂಪ್ಯೂಟರಿಗೆ ದಾಟಿಸುತ್ತಿತ್ತು. ಕಂಪ್ಯೂಟರು ಅದನ್ನು ಮಾತಾಗಿಸುತ್ತಿತ್ತು, ಪ್ರಭುಲಿಂಗನದೇ ಹಳೆಯ ದನಿಯಲ್ಲಿ.

ಈ ಕೆಲಸಕ್ಕೆ ಎಲ್ಲೋ ದೂರದಲ್ಲಿರುವ ದೊಡ್ಡ ಯಂತ್ರಗಳು ಆಗಿಬರುತ್ತಿರಲಿಲ್ಲ. ಮನುಷ್ಯ ಮಾತಾಡುತ್ತ ತನ್ನ ದನಿಯನ್ನು ತಾನೇ ಕೇಳಿಸಿಕೊಳ್ಳುತ್ತಾನೆ. ಆ ದನಿ ಕ್ಷಣ ತಡವಾಗಿ ಕಿವಿಗೆ ಬಿದ್ದರೂ ಎಂಥವನೂ ತೊದಲುತ್ತಾನೆ. ಐವತ್ತು ಮಿಲಿಸೆಕೆಂಡಿನೊಳಗೆ, ಅಂದರೆ ರೆಪ್ಪೆ ಬಡಿಯುವುದಕ್ಕಿಂತ ಬೇಗ, ಮಾತು ಹೊರಬರಬೇಕು. ಅಂಥ ಕಸುವುಳ್ಳ ಯಂತ್ರ ಮನೆಯೊಳಗೇ ಇರಬೇಕೆಂದರೆ ಅದು ಗೇಮಿಂಗ್ ಕಂಪ್ಯೂಟರೇ ಆಗಬೇಕಿತ್ತು. ಕಾರು ಓಟದ ಆಟದಲ್ಲಿ ಲಕ್ಷಾಂತರ ಚುಕ್ಕಿಗಳನ್ನು ಒಮ್ಮೆಗೇ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಪ್ರಭುಲಿಂಗನ ಮನಸ್ಸನ್ನೂ ಅದೇ ವೇಗದಲ್ಲಿ ಓದುತ್ತಿತ್ತು.

ಯಂತ್ರ ಅವನದೇ, ಕಟ್ಟಿದವನೂ ಅವನೇ. ಬೆಟಗೇರಿಯಲ್ಲಿ ಅವನ ಅಂಗಡಿಯಿದ್ದಾಗ ಕೊಪ್ಪಳ, ರೋಣ, ನರಗುಂದದಿಂದ ಜನ ಬರುತ್ತಿದ್ದರು. "ಗೇಮ್ ಜರ್ಕ್ ಹೊಡೀತೈತಿ", "ನಡುವ ಹ್ಯಾಂಗ್ ಆಗಿ ಬಂದ್ ಬೀಳ್ತೈತಿ" ಎಂದು ಹೊತ್ತು ತಂದದ್ದನ್ನು ಅವನು ಸಂಜೆಯೊಳಗೆ ಸರಿ ಮಾಡಿ ಕಳಿಸುತ್ತಿದ್ದ. ಈಗ ಅದೇ ಕಾಯಿಲೆ ಅವನ ಯಂತ್ರಕ್ಕೆ ಬಂದಿತ್ತು. ರಿಪೇರಿ ಬಲ್ಲವನ ಬಾಯಿ ಯಂತ್ರದೊಳಗೇ ಸಿಕ್ಕಿಕೊಂಡಿತ್ತು.

ಮೂರು ವಾರದ ಹಿಂದೆ ಮೊದಲು ಶುರುವಾದದ್ದು ತೊದಲು. "ನೀ... ನೀ... ನೀರು" ಎನ್ನುತ್ತಿದ್ದ. ನಾಲ್ಕು ದಿನಕ್ಕೆ ನೀಲಿ ಪರದೆ ಬರತೊಡಗಿತು. ಅದರ ಬೆನ್ನಿಗೇ ಮಾತುಗಳು ಅದಲುಬದಲಾದವು. ಚಾದರ ಕೇಳಹೋಗಿ ಚಾಕು ಕೇಳಿದ. ಒಂದು ದಿನ ಅಕ್ಕನನ್ನೇ "ಅಂಗಡೀ" ಎಂದು ಕರೆದ. ಅವತ್ತು ಇಬ್ಬರೂ ನಕ್ಕರು, ಅವನು ಕಣ್ಣಲ್ಲಿ, ಅವಳು ಬಾಯ್ತುಂಬ. ವಾರ ಕಳೆಯುವಷ್ಟರಲ್ಲಿ ನಗು ನಿಂತಿತು.

ಮಹಾನಂದಾ ಸೋಮವಾರವೇ ಹುಬ್ಬಳ್ಳಿಗೆ ಹೋಗಿ ಬಂದಿದ್ದಳು. ಪ್ರಯೋಗಾಲಯದಲ್ಲಿ ಈ ಯೋಜನೆಯನ್ನು ನೋಡಿಕೊಳ್ಳುವವರು ಡಾ. ತಸ್ನೀಮ್ ಮುಲ್ಲಾ. ಗೋಡೆ ತುಂಬ ಪರದೆಗಳಿದ್ದ ಕೋಣೆಯಲ್ಲಿ ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಪ್ರಭುಲಿಂಗನ ಮಿದುಳಿನ ಹೊಸ ಚಿತ್ರ ತೋರಿಸಿದರು. ಬೂದು ಬಣ್ಣದ ನಡುವೆ ಸಾಸಿವೆಯಷ್ಟು ಕಪ್ಪು ಚುಕ್ಕೆ.

"ಇದು ಹೊಸದು ಅಕ್ಕಾರ. ಮೊದಲಿನ ಚಿತ್ರದಾಗ ಇರಲಿಲ್ಲ."

"ಸಾಸಿವಿ ಕಾಳಿನಷ್ಟು ಚುಕ್ಕಿಗೆ ನನ್ನ ತಮ್ಮ ನನ್ನ ಅಂಗಡಿ ಅಂತಾನೇನ್ರಿ? ಕಂಪ್ಯೂಟರ್ ಕೆಟ್ಟೈತ್ರಿ ಮೇಡಂ. ದಿನಕ್ಕ ಹತ್ತು ಸಲ ಬಂದ್ ಬೀಳ್ತೈತಿ."

"ಅದನ್ನೂ ನೋಡೀವಿ." ತಸ್ನೀಮ್ ತಾಳ್ಮೆಯಿಂದಲೇ ಹೇಳಿದರು. "ಪ್ರಭು ಅವರ ಮಿದುಳಿನ ಸಂಕೇತಗಳನ್ನೂ, ನಿಮ್ಮನಿ ಕಂಪ್ಯೂಟರಿನ ಕಲಿಕೆಯ ಕಡತವನ್ನೂ ತಂದು ಇಲ್ಲಿ, ನಮ್ಮ ಯಂತ್ರದಾಗ ಹಾಕಿದ್ವಿ. ಇಲ್ಲೂ ಅವೇ ತಪ್ಪು ಮಾತು ಬಂದ್ವು. ಯಂತ್ರ ಬದಲಾದ್ರೂ ತಪ್ಪು ಬದಲಾಗಲಿಲ್ಲ ಅಂದ್ರ..."

ಕಲಿಕೆಯ ಕಡತ ಏನೆಂಬುದು ಮಹಾನಂದಾಗೆ ಗೊತ್ತಿತ್ತು. ಪ್ರಭುವಿನ ಮನಸ್ಸು ಯಾವ ಮಾತಿಗೆ ಹೇಗೆ ಮಿಡಿಯುತ್ತದೆಂದು ಪ್ರೋಗ್ರಾಮು ದಿನಾ ಕಲಿಯುತ್ತ, ಸಂಜೆ ಏಳಕ್ಕೆ ಎಲ್ಲವನ್ನೂ ಒಂದು ಕಡತದಲ್ಲಿ ಬರೆದಿಡುತ್ತಿತ್ತು.

"ಶುಕ್ರವಾರ ಹನ್ನೊಂದಕ್ಕ ಸಮಿತಿ ಕೂಡತದ. ಪೊರೆಯಿಂದ ಉಪಯೋಗ ಇಲ್ಲ ಅಂತಾದ್ರ ಅದನ್ನ ತಲಿಯೊಳಗ ಬಿಡೂದು ಅಪಾಯ, ಸೋಂಕು ಆಗ್ತದ. ಹೋದ ತಿಂಗಳು ಹಾವೇರಿ ಮಾಸ್ತರೊಬ್ಬರದು ತೆಗೀಬೇಕಾತು. ಅವರದೂ ಹಿಂಗ ಇತ್ತು."

"ತೆಗೆದಿದ್ದನ್ನ ಮತ್ತ ಹಾಕಬಹುದೇನ್ರಿ?"

"ಇಲ್ರಿ. ಗಾಯ ಮಾಯ್ದಿದ್ದ ಜಾಗದಾಗ ಮತ್ತ ಕೂಡೂದಿಲ್ಲ."

ಮನೆಗೆ ಬಂದವಳು ಇದನ್ನು ತಮ್ಮನಿಂದ ಮುಚ್ಚಿಡಲಿಲ್ಲ. ಎಲ್ಲ ಕೇಳಿ ಅವನು ಪರದೆಯ ಕಡೆ ನೋಡಿದ. ಆಮೇಲೆ ಸ್ಪೀಕರಿನಿಂದ ದನಿ ಬಂತು.

"ಅಕ್ಕಾ, ಕೆ... ಕೆಟ್ಟಿದ್ದು ಮಷೀನಲ್ಲ. ನಾನ ಇರಬೇಕು."

"ಬಾಯಿ ಮುಚ್ಚು," ಎಂದಳು ಅವಳು. ಎರಡು ವರ್ಷದಲ್ಲಿ ಅವನಿಗೆ ಆ ಮಾತು ಹೇಳಿದ್ದು ಅದೇ ಮೊದಲು. "ನಿನ್ನ ತಲಿ ಕೆಟ್ರ ಮಾತು ಕೆಡಬೇಕು. ಕಂಪ್ಯೂಟರ್ ಯಾಕ ಸಾಯ್ತೈತಿ? ಕಾಳು ಕೆಟ್ಟಿದ್ರ ಹಿಟ್ಟು ಕೆಡತೈತಿ, ಮೋಟರ್ ಬಂದ್ ಬೀಳೂದಿಲ್ಲ. ಇಪ್ಪತ್ತು ವರ್ಷ ಗಿರಣಿ ನಡಿಸೀನಿ, ನನಗ ಅಷ್ಟು ಗೊತ್ತಾಗೂದಿಲ್ಲೇನು?"

ಪ್ರಭುಲಿಂಗನ ಕಣ್ಣು ಅಕ್ಕನ ಕಡೆ ತಿರುಗಿತು. ಅಂಗಡಿಯಲ್ಲಿ ಕೂತಿದ್ದಾಗ ಗಿರಾಕಿಯೊಬ್ಬ ಪೆಟ್ಟಿಗೆ ತಂದಿಟ್ಟರೆ ಹೊಳೆಯುತ್ತಿದ್ದ ಕಣ್ಣು ಅದು.

"ಬರಕೋ," ಎಂದಿತು ದನಿ.

ಗೋಡೆಯ ಹಳೆಯ ಕ್ಯಾಲೆಂಡರ್ ಹರಿದು ಅದರ ಬೆನ್ನ ಮೇಲೆ ಅವಳು ಬರೆದುಕೊಂಡಳು. ಯಂತ್ರ ಆರಿಸಿದರೆ ಅವನು ಮೂಗ. ಹಾಗಾಗಿ ಬಿಚ್ಚುವ ಮೊದಲೇ ಎಲ್ಲ ಹೇಳಿಸಿಕೊಳ್ಳಬೇಕಿತ್ತು. ಅದೂ ಒಂದು ನೀಲಿ ಪರದೆಗೂ ಮತ್ತೊಂದಕ್ಕೂ ನಡುವೆ ಸಿಕ್ಕ ಹತ್ತು ಹದಿನೈದು ನಿಮಿಷದಲ್ಲಿ.

ಮಂಗಳವಾರ ಅವಳು ಯಂತ್ರದ ಪಕ್ಕದ ಮುಚ್ಚಳ ಬಿಚ್ಚಿದಳು. ಫ್ಯಾನಿನ ರೆಕ್ಕೆಗಳ ಮೇಲೆ, ತಂತಿಗಳ ಸಂದಿಯಲ್ಲಿ, ಎಲ್ಲೆಲ್ಲೂ ಬೆಳ್ಳಗೆ ಹಿಟ್ಟು. ಗೋಡೆಯಾಚೆಯ ತನ್ನ ಗಿರಣಿಯ ಹಿಟ್ಟು. ತಮ್ಮನ ದನಿಯ ಮೇಲೆ ತಾನೇ ಮಣ್ಣು ಸುರಿದಂತಾಯಿತು ಅವಳಿಗೆ. ಬಾಗಿಲಿಗೆ ಬಂದಿದ್ದ ಹೆಂಗಸರನ್ನು "ನಾಳೆ ಬರ್ರಿ, ನಾಡಿದ್ದು ಬರ್ರಿ" ಎಂದು ಕಳಿಸಿ ಗಿರಣಿಯ ಬೆಲ್ಟು ಇಳಿಸಿದಳು. ಬಣ್ಣ ಹಚ್ಚುವ ಬ್ರಶ್ಶಿನಿಂದ, ಸೈಕಲ್ ಪಂಪಿನ ಗಾಳಿಯಿಂದ ಎರಡು ತಾಸು ಒರೆಸಿದಳು, ಊದಿದಳು. ಯಂತ್ರ ಚಾಲೂ ಮಾಡಿದಳು. ಇಪ್ಪತ್ತು ನಿಮಿಷ ಚೆನ್ನಾಗಿ ನಡೆದು, ಇಪ್ಪತ್ತೊಂದಕ್ಕೆ ನೀಲಿಯಾಯಿತು.

ಧೂಳಲ್ಲ. ಹಾಗಾದರೆ ಗಿರಣಿಯ ಮೋಟರು ಶುರುವಾಗುವಾಗ ಕರೆಂಟು ಕುಸಿಯುತ್ತದಲ್ಲ, ಅದಿರಬಹುದೇ? ಆದರೆ ಗಿರಣಿ ನಿಂತಿತ್ತು. ಆದರೂ ಬಂದ್ ಬಿತ್ತು. ಅಂಗಡಿಯ ಗೋಣಿಚೀಲದಲ್ಲಿದ್ದ ಇನ್ನೊಂದು ಪವರ್ ಸಪ್ಲೈ ತಂದು ಜೋಡಿಸಿದಳು. ತಂತಿಗಳು ಒಂದರಂತೊಂದು ಕಾಣುತ್ತಿದ್ದವು. ಮತ್ತೆ ಬಂದ್.

ಬುಧವಾರ ಬೆಳಿಗ್ಗೆ ಬೆಲ್ಟು ಏರಿಸಿ ಬಾಕಿಯಿದ್ದ ಜೋಳ ಬೀಸಲು ಹೋದಾಗಲೇ ತಲೆದಿಂಬಿನ ಮಾತು ಅರ್ಧಕ್ಕೆ ನಿಂತದ್ದು; ಗಿರಣಿ ಮತ್ತೆ ನಿಲ್ಲಿಸಿ ಕಾವು ನೋಡಿದರು. ಏಪ್ರಿಲ್ಲಿನ ಗದಗ, ಹೊರಗೆ ನಲವತ್ತು ಡಿಗ್ರಿ. ಗ್ರಾಫಿಕ್ಸ್ ಕಾರ್ಡಿನ ಕಾವು ಎಪ್ಪತ್ತೊಂದು ತೋರಿಸಿತು. "ಅದು ಏನೂ ಅಲ್ಲ, ಪ್ರೊ... ಪ್ರೊಸೆಸರ್ ನೋಡು," ಎಂದ ಪ್ರಭು. ಕಾವು ಹೀರಲೆಂದು ಅದರ ಮೇಲೆ ಹಚ್ಚಿದ್ದ, ಈಗ ಒಣಗಿದ ಪೇಸ್ಟು ಕೆರೆದು ಹೊಸದು ಹಚ್ಚಿದಳು. ಬೂದುಬಣ್ಣದ ಆ ಜಿಡ್ಡು ಅವಳ ಬೆರಳಿಗೆ, ಸೀರೆಗೆ, ಕೆನ್ನೆಗೆಲ್ಲ ಹತ್ತಿತು. ಕಾವು ಇಳಿಯಿತು, ತೊಂದರೆ ಇಳಿಯಲಿಲ್ಲ. ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಪ್ರೋಗ್ರಾಮು, ಅಂದರೆ ಡ್ರೈವರ್, ತೆಗೆದು ಮತ್ತೆ ಹಾಕಿದರು. ಅದೂ ಆಗಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಬುಧವಾರ ಮಧ್ಯಾಹ್ನ ನಡೆಯಿತು. ತಂತಿಯೊಂದನ್ನು ಕೈಯಲ್ಲಿ ಹಿಡಿದು "ಇದನ್ನ?" ಎಂದು ಕೇಳಿದಳು. ಯಂತ್ರ ಚಾಲೂ ಇತ್ತು.

"ಕಿತ್ತು ಹಾಕು," ಎಂದಿತು ಸ್ಪೀಕರಿನ ದನಿ.

ಎಳೆಯಲು ಹೊರಟವಳು ಯಾಕೋ ತಮ್ಮನ ಮುಖ ನೋಡಿದಳು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿದ್ದ. ತೆರೆದ, ಮತ್ತೆ ಮುಚ್ಚಿದ. ಅಲ್ಲ. ಅಲ್ಲ. ಅಲ್ಲ.

"ಗಟ್ಟಿ ಒತ್ತು ಅಂದೇನು?"

ಕಣ್ಣು ಮೇಲಕ್ಕೆ ಹೋಯಿತು. ರೆಪ್ಪೆಯಂಚಿನಲ್ಲಿ ನೀರು ತುಂಬಿತ್ತು. ಅವನ ದನಿ ಅವನೆದುರೇ ಅವನಿಗೆ ವಿರುದ್ಧವಾಗಿ ಮಾತಾಡಿತ್ತು.

ಅಲ್ಲಿಂದ ಮುಂದೆ ಅವಳು ಪ್ರತಿ ಮಾತನ್ನೂ ತಿರುಗಿ ಕೇಳಿದಳು. ದನಿಯನ್ನು ಬಿಟ್ಟು ಕಣ್ಣನ್ನು ನಂಬಿದಳು. ಒಂದು ಸಾಲು ಬರೆಯಲು ಕಾಲು ತಾಸು ಬೇಕಾಯಿತು. ಸಂಜೆಯೊಳಗೆ ಕ್ಯಾಲೆಂಡರಿನ ಬೆನ್ನ ಮೇಲೆ ಉಳಿದದ್ದು ಒಂದೇ ಹೆಸರು: ರ್ಯಾಮ್. ಯಂತ್ರ ಕೆಲಸ ಮಾಡುವಾಗ ಎಲ್ಲವನ್ನೂ ತಾತ್ಕಾಲಿಕವಾಗಿ ನೆನಪಿಟ್ಟುಕೊಳ್ಳುವ ಎರಡು ಪಟ್ಟಿಗಳು. ಅವನ್ನು ಪರೀಕ್ಷಿಸುವ ಪ್ರೋಗ್ರಾಮು ಅಂಗಡಿಯ ಡಬ್ಬಿಯೊಂದರಲ್ಲಿ, ಪೆನ್ ಡ್ರೈವಿನಲ್ಲಿತ್ತು. ಒಂದೊಂದು ಪಟ್ಟಿಗೆ ಮೂರು ತಾಸು, ಅಷ್ಟು ಹೊತ್ತೂ ಪ್ರಭುವಿಗೆ ಮಾತಿಲ್ಲ.

"ಹೆದರಿಕಿ ಆಗಾಕತ್ತೈತಿ ಅಕ್ಕಾ," ಎಂದ ಅವನು, ಆರಿಸುವ ಮೊದಲು. ಅವಳು ಕಣ್ಣು ನೋಡಿದಳು. ಕಣ್ಣು ಮೇಲಕ್ಕೇ ಇತ್ತು. ಆ ಮಾತು ತಪ್ಪಿರಲಿಲ್ಲ.

ಗುರುವಾರ ಬೆಳಿಗ್ಗೆ ಆರಕ್ಕೆ ಮೊದಲ ಪಟ್ಟಿಯನ್ನಷ್ಟೇ ಇಟ್ಟು ಪರೀಕ್ಷೆ ಶುರು ಮಾಡಿದಳು. ತಮ್ಮನ ಮೈ ಒರೆಸಿದಳು, ನಳಿಕೆಯಲ್ಲಿ ಗಂಜಿ ಹಾಕಿದಳು, ಮಗ್ಗಲು ಬದಲಿಸಿದಳು. ಎಂಟರ ಸುಮಾರಿಗೆ ಪರದೆಯ ಮೇಲೆ ಕೆಂಪು ಸಾಲು ಮೂಡಿತು. ಒಂದು, ಆಮೇಲೆ ಐದು, ಆಮೇಲೆ ಪರದೆ ತುಂಬ.

"ಸಿಕ್ತು!" ಎಂದು ಅವಳು ಕೂಗಿಯೇಬಿಟ್ಟಳು. "ಪ್ರಭು, ಸಿಕ್ತು ನೋಡೋ ಕಳ್ಳ!"

ಕೆಟ್ಟ ಪಟ್ಟಿ ತೆಗೆದು ಮೂಲೆಗಿಟ್ಟು, ಎರಡನೆಯದನ್ನು ಹಾಕಿದಳು. ಅದು ಚೆನ್ನಾಗಿದ್ದರೆ ಅದೊಂದರಲ್ಲೇ ಹೇಗೋ ನಡೆಸಬಹುದಿತ್ತು. ಹನ್ನೊಂದು ಗಂಟೆಗೆ ಅದರಲ್ಲೂ ಕೆಂಪು ಮೂಡಿತು.

ಮಹಾನಂದಾ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತಳು. ಏನು ಮಾಡಲು ಬಂದೆನೆಂಬುದು ತಿಳಿಯಲಿಲ್ಲ. ಎರಡೂ ಕೆಟ್ಟಿದ್ದವು. ಅಂಥದ್ದು ಗದಗಿನಲ್ಲಿ ಸಿಗುವುದಿಲ್ಲ, ತರಿಸಲು ವಾರ ಬೇಕು, ನಾಳೆ ಹನ್ನೊಂದಕ್ಕೆ ಸಮಿತಿ. ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಎರಡು ವರ್ಷದಿಂದ ತಮ್ಮನಿಗೆ ಕೇಳದಂತೆ ಅಳುವುದು ರೂಢಿಯಾಗಿತ್ತು. ಆದರೆ ಇವತ್ತು ಗಿರಣಿಯ ಸದ್ದೂ ಇರಲಿಲ್ಲ, ಕೇಳಿಯೇ ಕೇಳುತ್ತದೆಂದು ಗೊತ್ತಿದ್ದೂ ಅತ್ತಳು.

ಮರಳಿ ಬಂದಾಗ ಅವನ ಕಣ್ಣು ಒಂದೇ ಸಮನೆ ಗೋಡೆಯ ಕಡೆ ಹೋಗಿ ಬರುತ್ತಿತ್ತು. ಗೋಡೆಯ ಮೊಳೆಗೆ ಹಳೆಯ ಅಕ್ಷರಹಲಗೆ ನೇತುಬಿದ್ದಿತ್ತು. ಪೊರೆ ಬರುವ ಮೊದಲಿನ ಒಂದು ವರ್ಷ ಅದರ ಮೇಲೆಯೇ ಅವರ ಮಾತು ನಡೆದಿತ್ತು. ಇಳಿಸಿಕೊಂಡು ಧೂಳು ಒರೆಸಿ ಹಿಡಿದಳು. ಸಾಲಿನಿಂದ ಸಾಲಿಗೆ ಬೆರಳು ಸರಿಸಿದಳು. 'ಯ ರ ಲ ವ' ಸಾಲಿಗೆ ಕಣ್ಣು ಮೇಲಾಯಿತು. ಸಾಲಿನೊಳಗೆ ವ. ಅದಕ್ಕೆ ಯಾವ ಸ್ವರ? ಏ. ವೇ. ಮತ್ತೆ ಮೊದಲಿನಿಂದ. ಗ.

"ವೇಗ?"

ಮೇಲೆ.

"ಯಾರ ವೇಗ? ಇದರದ? ಈ ಪಟ್ಟಿದ?"

ಮೇಲೆ, ಮೇಲೆ.

ಅವಳು ತಟ್ಟನೆ ಕೂತಳು. ಎರಡೂ ಪಟ್ಟಿ ಒಮ್ಮೆಗೇ ಕೆಡುವುದು ಹೇಗೆ? ಗಿರಣಿಯ ಕಲ್ಲನ್ನು ಅಳತೆ ಮೀರಿ ಓಡಿಸಿದರೆ ಯಾವ ಕಲ್ಲಾದರೂ ಅಷ್ಟೇ. ಹಿಟ್ಟು ಸುಡುತ್ತದೆ, ನುಚ್ಚು ಹಾರುತ್ತದೆ. ಕೆಟ್ಟಿದ್ದು ಕಲ್ಲಲ್ಲ, ಓಡಿಸಿದ ರೀತಿ. ಮನೆಯಲ್ಲಿ ಯಂತ್ರವನ್ನು ಹೇಗೆ ಸಜ್ಜುಮಾಡಬೇಕೆಂದು ಹೇಳುವ ಪ್ರಯೋಗಾಲಯದ ಪುಸ್ತಕ ಕಪಾಟಿನಲ್ಲಿತ್ತು. ತೆರೆದಳು. ನಾಲ್ಕನೆಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಮಾತು ಬೇಗ ಬರಲು ರ್ಯಾಮಿನ ವೇಗವನ್ನು ನಾಲ್ಕು ಸಾವಿರದ ಎಂಟುನೂರರಿಂದ ಆರು ಸಾವಿರಕ್ಕೆ ಏರಿಸಿರಿ. ಪುಸ್ತಕ ಬರೆದದ್ದು ಡಿಸೆಂಬರಿನ ಚಳಿಯಲ್ಲಿ, ಗಾಳಿ ತಂಪು ಮಾಡುವ ಯಂತ್ರವಿರುವ ಕೋಣೆಯಲ್ಲಿ; ಈ ಏಪ್ರಿಲ್ಲಿನ ಬಿಸಿಲಿಗೆ ಆ ವೇಗ ಅಳತೆ ಮೀರಿತ್ತು.

ಕಂಪ್ಯೂಟರ್ ಚಾಲೂ ಆಗುವಾಗ ಗುಂಡಿಯೊತ್ತಿ ಒಳಗಿನ ಸೆಟ್ಟಿಂಗಿಗೆ ಹೋಗುವುದನ್ನು ಅವನು ನಿನ್ನೆಯೇ ಬರೆಸಿದ್ದ. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ತಮ್ಮನ ಕಣ್ಣು ನೋಡುತ್ತ ನೋಡುತ್ತ ಅವಳು ಆ ಅಂಕಿಯನ್ನು ಹುಡುಕಿ ಇಳಿಸಿದಳು. ಎರಡೂ ಪಟ್ಟಿ ಕೂರಿಸಿ ಮಧ್ಯಾಹ್ನ ಒಂದಕ್ಕೆ ಮತ್ತೆ ಪರೀಕ್ಷೆಗೆ ಹಚ್ಚಿದಳು. ಎರಡಾಯಿತು, ಮೂರಾಯಿತು. ಊಟ ಸೇರಲಿಲ್ಲ. ಪರದೆಯ ಮುಂದೆ ನೆಲದ ಮೇಲೆ ಕೂತೇ ಇದ್ದಳು. ಏಳು ಗಂಟೆಗೆ ಪರೀಕ್ಷೆ ಮುಗಿಯಿತು. ಒಂದೇ ಒಂದು ಕೆಂಪು ಸಾಲಿರಲಿಲ್ಲ.

ಮಾತಿನ ಪ್ರೋಗ್ರಾಮು ಹಾಕಿದಳು.

"ಮಾತಾಡು ತಮ್ಮಾ. ನನ್ನ ಕರಿ."

"ಅಂಗಡೀ," ಎಂದಿತು ದನಿ.

ಯಂತ್ರ ಬಂದ್ ಬೀಳಲಿಲ್ಲ, ಜರ್ಕು ಹೊಡೆಯಲಿಲ್ಲ. ಅಷ್ಟು ನುಣ್ಣಗೆ, ಅಷ್ಟು ಸ್ಪಷ್ಟವಾಗಿ ತಪ್ಪು ಮಾತು ಹೊರಬಂತು. ಪ್ರಭುಲಿಂಗ ಕಣ್ಣು ಮುಚ್ಚಿದ. ತೆರೆಯಲಿಲ್ಲ. ಎಷ್ಟು ಕರೆದರೂ ತೆರೆಯಲಿಲ್ಲ. ಅವನಿಗೆ ಉಳಿದಿದ್ದ ಒಂದೇ ಬಾಗಿಲು ಅದು, ಅದನ್ನೂ ಅವನು ಹಾಕಿಕೊಂಡಿದ್ದ.

ಅವನ ಎದೆಯ ಮೇಲೆ ಕೈಯಿಟ್ಟು ಮಹಾನಂದಾ ಕೂತಳು. ಯಂತ್ರ ಸರಿಯಾಗಿದೆ, ಮಾತು ತಪ್ಪಿದೆ. ಹುಬ್ಬಳ್ಳಿಯ ಯಂತ್ರವೂ ಸರಿಯಾಗಿತ್ತು, ಅಲ್ಲೂ ಮಾತು ತಪ್ಪಿತು. ಎರಡೂ ಕಡೆ ಇದ್ದದ್ದು ಏನು? ಯೋಚಿಸುತ್ತ ಯೋಚಿಸುತ್ತ ಅವಳ ಬೆನ್ನು ನೆಟ್ಟಗಾಯಿತು. ಫೋನು ತೆಗೆದಳು.

"ಮೇಡಂ, ಒಂದು ಮಾತು ಕೇಳ್ತೀನ್ರಿ, ಹೌದು ಅಲ್ಲ ಅಷ್ಟ ಹೇಳ್ರಿ. ಜ್ವಾಳದಾಗ ಸಣ್ಣ ಕಲ್ಲು, ಹಳ್ಳು ಸೇರಿದ್ರ, ಅದನ್ನ ನನ್ನ ಗಿರಣ್ಯಾಗ ಬೀಸಿದ್ರೂ ಹಿಟ್ಟು ಕರಕರ ಅಂತೈತಿ, ನಿಮ್ಮ ಗಿರಣ್ಯಾಗ ಬೀಸಿದ್ರೂ ಕರಕರ ಅಂತೈತಿ. ಹೌದಿಲ್ಲೋ?"

"ಅಕ್ಕಾರ, ಏನು ಹೇಳ್ತೀರಿ..."

"ನೀವು ನಮ್ಮ ಯಂತ್ರ ಬಿಟ್ರಿ, ಆದ್ರ ನಮ್ಮ ಕಡತ ಒಯ್ದ್ರಿ. ಆ ಕಡತಾನ ದಿನಾ ಸಂಜಿಕ ಬರೆದಿದ್ದು ಅಳತಿ ಮೀರಿ ಓಡಿದ ಈ ರ್ಯಾಮು. ಮೂರು ವಾರದಿಂದ ಹಳ್ಳು ಅದರಾಗ ಸೇರೈತ್ರಿ. ನೀವು ಹಳ್ಳು ಬೀಸಿ ನೋಡಿ, ತಮ್ಮನ ತಲಿ ಕೆಟ್ಟೈತಿ ಅಂದ್ರಿ."

ಆ ಕಡೆ ಕೀಬೋರ್ಡು ಒತ್ತುವ ಸದ್ದು ಕೇಳಿಸಿತು.

"ಮೊದಲನೇ ತಿಂಗಳಿನ ಕಡತ ನಮ್ಮ ಹತ್ರ ಅದ," ಎಂದರು ತಸ್ನೀಮ್ ಕೊನೆಗೆ. ದನಿ ಬದಲಾಗಿತ್ತು. "ನಿಮ್ಮ ಮನಿಗೆ ನಾನ ಬರ್ತೀನಿ. ಮುಂಜಾನೆ ಎಂಟಕ್ಕ."

ಎಂಟಕ್ಕೆ ಹತ್ತು ನಿಮಿಷ ಮೊದಲೇ ಕಾರು ಬಂತು. ತಸ್ನೀಮ್ ಚಹಾ ಕೂಡ ಮುಟ್ಟದೆ ಹಾಸಿಗೆಯ ಪಕ್ಕ ಕೂತು ಹಳೆಯ ಕಡತ ಹಾಕಿದರು. ತಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಗೆರೆಗಳನ್ನು ತೆರೆದಿಟ್ಟುಕೊಂಡರು. ಒಂದು ಮಿದುಳಿನಿಂದ ಬರುವುದು, ಇನ್ನೊಂದು ಯಂತ್ರ ತೆಗೆದುಕೊಳ್ಳುವ ಹೊತ್ತು. ನಲವತ್ತಮೂರು ಮಿಲಿಸೆಕೆಂಡು, ಗೆರೆ ಕದಲದೆ ನಿಂತಿತ್ತು.

"ಪ್ರಭು ಅವರ, ಮಾತಾಡ್ರಿ."

ಅವನು ಕಣ್ಣು ತೆರೆದ. ಅಕ್ಕನನ್ನು ನೋಡಿದ.

"ಅಕ್ಕಾ."

ಮಹಾನಂದಾ ಬಾಯಿಗೆ ಕೈಯಿಟ್ಟುಕೊಂಡಳು.

"ಅಕ್ಕಾ, ಮಾರಿ ತೊಳಕೋ. ಬುಧವಾರದ ಪೇಸ್ಟ್ ಇನ್ನೂ ಹತ್ತೈತಿ."

ಅವಳು ನಗುತ್ತ ಅಳುತ್ತ ಸೆರಗಿನಿಂದ ಕೆನ್ನೆ ಉಜ್ಜಿಕೊಂಡಳು. ತಸ್ನೀಮ್ ಕೂಡ ಕನ್ನಡಕ ತೆಗೆದು ಒರೆಸಿಕೊಂಡರು. ಪ್ರಭು ಒಂದೊಂದಾಗಿ ಮಾತು ಹೇಳಿನೋಡಿದ. ನೀರು. ಚಾದರ. ಹಾಸಿಗಿ. ಎಲ್ಲವೂ ತನ್ನ ತನ್ನ ಜಾಗದಲ್ಲಿತ್ತು.

"ಗ್ರಾ... ಗ್ರಾ... ಗ್ರಾ..."

ಮಹಾನಂದಾ ಗಾಬರಿಯಿಂದ ಪರದೆ ನೋಡಿದಳು. ನೀಲಿಯಾಗಿರಲಿಲ್ಲ. ತಸ್ನೀಮ್ ಲ್ಯಾಪ್‌ಟಾಪಿನ ಕಡೆ ಬಗ್ಗಿದರು. ಯಂತ್ರದ ಗೆರೆ ನಲವತ್ತಮೂರರ ಮೇಲೆ ಹಾಗೆಯೇ ಮಲಗಿತ್ತು. ಮಿದುಳಿನ ಗೆರೆ ಮಾತ್ರ ಒಂದೇ ಉಬ್ಬನ್ನು ಮೂರು ಸಲ ಬರೆದಿತ್ತು.

"...ಗ್ರಾಫಿಕ್ಸ್," ಎಂದು ಮುಗಿಸಿದ ಪ್ರಭು. ಅವನೂ ಆ ಗೆರೆಗಳನ್ನು ನೋಡುತ್ತಿದ್ದ. ಅವನಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

"ಮತ್ತೊಂದ್ಸಲ ಬಂದ್ ಮಾಡಿ ಚಾಲೂ ಮಾಡ್ಲೇನು?" ಎಂದಳು ಮಹಾನಂದಾ. "ವೇಗ ಇನ್ನಷ್ಟು ಇಳಸ್ಲೇನು ಪ್ರಭು?"

"ಬ್ಯಾಡ ಅಕ್ಕಾ. ಬಂದ್ ಬೀಳೂದು ಮ... ಮಷೀನಿಂದಾಗಿತ್ತು. ತಪ್ಪು ಮಾತೂ ಅದರದ. ಇದು ನಂದು." ಅವನ ಕಣ್ಣು ತಸ್ನೀಮ್ ಕಡೆ ತಿರುಗಿತು. "ಆ ಚುಕ್ಕಿ ಖರೇನ ಐತಿ, ಅಲ್ರಿ?"

"ಅದ," ಎಂದರು ಅವರು. "ಎಲ್ಲಾ ತಪ್ಪನ್ನೂ ನಾವು ಅದರ ಮ್ಯಾಲ ಹಾಕಿದ್ವಿ. ಅದು ನಮ್ಮ ತಪ್ಪು. ಆದ್ರ ಚುಕ್ಕಿ ಸುಳ್ಳಲ್ಲ."

"ಎಷ್ಟು ದಿನ?"

"ಗೊತ್ತಿಲ್ಲ. ಹಿಂಗ ನಿಲ್ಲಬಹುದು. ಬೆಳೀಲೂಬಹುದು. ಮಳಿಗಾಲ ಮುಗಿಯೂದ್ರಾಗ ತಿಳೀತದ."

ಮಹಾನಂದಾ ತಮ್ಮನ ಕಾಲ ಮೇಲೆ ಕೈಯಿಟ್ಟಳು. ನಾಲ್ಕು ದಿನ ಒಂದು ಪೆಟ್ಟಿಗೆಯ ಜೊತೆ ಹೊಡೆದಾಡಿ ಗೆದ್ದವಳಿಗೆ ಈಗ ಬಿಚ್ಚಲು ಯಾವ ಮುಚ್ಚಳವೂ ಉಳಿದಿರಲಿಲ್ಲ.

ಪ್ರಭುಲಿಂಗನೇ ಮತ್ತೆ ಮಾತಾಡಿದ. "ಮೇಡಂ, ನಾಕನೇ ಪುಟ ನಮಗಷ್ಟ ಕೊಟ್ಟಿದ್ರೇನು?"

ತಸ್ನೀಮ್‌ಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖದ ರಕ್ತ ಇಂಗಿಹೋಯಿತು. ಆ ಪುಸ್ತಕ ಬರೆದವರು ಅವರೇ. ಹನ್ನೆರಡೂ ಮನೆಗೆ ಅದೇ ಪುಟ ಹೋಗಿತ್ತು.

"ಹಾ... ಹಾ... ಹಾವೇರಿ ಮಾಸ್ತರು," ಎಂದ ಪ್ರಭು.

"ಅವರೂ ತಪ್ಪು ಮಾತಾಡ್ತಿದ್ರು," ತಸ್ನೀಮ್ ನೆಲ ನೋಡುತ್ತ ಹೇಳಿದರು. "ಹೆಂಡತಿಗೆ ಹೆಂಡತಿ ಹೆಸರು ಬಿಟ್ಟು ಏನೇನೋ ಕರೀತಿದ್ರು. ಆಕಿ ಕಂಪ್ಯೂಟರ್ ಕೆಟ್ಟದ ಅಂತ ಹೇಳಿದ್ಲು. ನಾನು ಇದ ಪರೀಕ್ಷಾ ಮಾಡಿ... ಇದ ಉತ್ತರ ಕೊಟ್ಟೆ." ಲ್ಯಾಪ್‌ಟಾಪಿನಲ್ಲಿ ಹನ್ನೆರಡು ಜನರ ಹೆಸರಿನ ಪುಟ ತೆರೆದರು. "ಇನ್ನೊಬ್ಬರು ಅದಾರ. ಇಳಕಲ್ಲಿನವರು. ಮಂಗಳವಾರ ತೆಗೀಬೇಕಂತ ನಿಕ್ಕಿ ಆಗ್ಯದ."

"ನಿಲ್ಲಸ್ರಿ," ಎಂದಳು ಮಹಾನಂದಾ.

"ಸಮಿತಿಗೆ ಹೇಳ್ತೀನಿ. ಇವತ್ತ ಹೇಳ್ತೀನಿ, ಪ್ರಭು ಅವರದು ಉಳೀತದ. ಆದ್ರ ಅವರು ಪರೀಕ್ಷಾ ಮಾಡಿ ಬರಹ ಕೊಡಾಕ ಎರಡು ವಾರ ಬೇಕಂತಾರ. ಮನಿಯವರು ಸಹಿ ಮಾಡಿಬಿಟ್ಟಾರ. ಅವರ ಸಹಿ ಹಿಂದ ತೊಗೊಂಡ್ರ ಮಾತ್ರ ಮಂಗಳವಾರ ನಿಲ್ಲತದ."

"ಹಂಗಾದ್ರ ಫೋನ್ ಹಚ್ರಿ."

ತಸ್ನೀಮ್ ಒಂದು ಕ್ಷಣ ಕೈಯಲ್ಲಿ ಫೋನು ಹಿಡಿದು ಕೂತರು. ಒಬ್ಬ ರೋಗಿಯ ಮನೆಯ ನಂಬರು ಇನ್ನೊಬ್ಬರಿಗೆ ಕೊಡುವುದು ನಿಯಮಕ್ಕೆ ವಿರುದ್ಧ. ತಾವೇ ನಂಬರು ಒತ್ತಿ, ನಾಲ್ಕು ಮಾತಿನಲ್ಲಿ ವಿಷಯ ತಿಳಿಸಿ, ಸ್ಪೀಕರ್ ಹಾಕಿ ಫೋನನ್ನು ಹಾಸಿಗೆಯ ಮೇಲಿಟ್ಟರು.

ಆ ಕಡೆಯ ಹೆಂಗಸಿನ ಹೆಸರು ಕಸ್ತೂರಿ. ಗಂಡ ಸೀರೆ ನೇಯುತ್ತಿದ್ದವನು. ಮಹಾನಂದಾ ನಾಲ್ಕು ದಿನದ ಕಥೆ ಹೇಳಿದಾಗ ಆಕೆ ಮೊದಲು ನಂಬಲಿಲ್ಲ.

"ಬ್ಯಾಡ್ರಿ ಅಕ್ಕಾರ, ಆಸೆ ಹಚ್ಚಬ್ಯಾಡ್ರಿ," ಎಂದಳು. "ನಾನು ಅತ್ತು ಅತ್ತು ಸಹಿ ಮಾಡೀನಿ. ಅವರು ನನ್ನ 'ಮುಳ್ಳು' ಅಂತಾರ್ರಿ. ಹದಿನಾಲ್ಕು ವರ್ಷ ಸಂಸಾರ ಮಾಡಿ ನನಗ ಮುಳ್ಳು ಅಂತಾರ."

"ಅದು ಅವರು ಅನ್ನಾಕತ್ತಿಲ್ರೀ ತಂಗಿ. ಯಂತ್ರ ಅನ್ನಾಕತ್ತೈತಿ. ಅವರ ಕಣ್ಣು ನೋಡ್ರಿ. ಮಾತು ಬಂದಾಗ ಕಣ್ಣು ಏನು ಹೇಳ್ತೈತಿ, ನೋಡೀರೇನು ಎಂದಾದ್ರೂ?"

"ಮುಚ್ಚತಾರ," ಎಂದಳು ಕಸ್ತೂರಿ ಸಣ್ಣ ದನಿಯಲ್ಲಿ. "ಹಂಗಂದ ಕೂಡಲೇ ಕಣ್ಣು ಮುಚ್ಚತಾರ. ನನ್ನ ನೋಡಾಕ ಬ್ಯಾಸರಾಗಿ ಮುಚ್ಚತಾರ ಅನ್ಕೊಂಡಿದ್ದೆ."

ಮಹಾನಂದಾ ಫೋನನ್ನು ಸ್ಪೀಕರಿನ ಹತ್ತಿರ ಸರಿಸಿದಳು.

"ಏನು ಮಾಡ್ಲಿ ಹೇಳ್ರಿ," ಎಂದಳು ಕಸ್ತೂರಿ. "ಕಂಪ್ಯೂಟರ್ ಮುಂದ ಕುಂತೀನಿ. ನನಗೇನೂ ಬರೂದಿಲ್ರಿ, ಮೊದಲಿಂದ ಹೇಳ್ರಿ."

"ನಾನು ಹೇಳ್ತೀನಿ," ಎಂದಿತು ಪ್ರಭುಲಿಂಗನ ದನಿ. "ನಮಸ್ಕಾರ್ರಿ. ಮೊದಲು ಕಂಪ್ಯೂಟರ್ ಬಂದ್ ಮಾಡ್ರಿ. ಆಮ್ಯಾಲ ಚಾಲೂ ಮಾಡೂ ಮುಂದ ಕೀಬೋರ್ಡಿನಾಗ ಡಿ... ಡಿ... ಡಿ..."

ಮಾತು ಅಲ್ಲಿಗೇ ಸಿಕ್ಕಿಕೊಂಡಿತು. ಪ್ರಭುಲಿಂಗನ ಹಣೆಯ ಮೇಲೆ ಬೆವರು ಮೂಡಿತು, ಕಣ್ಣು ಚಾವಣಿಯ ಕಡೆ ನೆಟ್ಟಿತು. ಸ್ಪೀಕರಿನಿಂದ ಸದ್ದಿಲ್ಲ. ಹತ್ತು ಸೆಕೆಂಡು ಹೋಯಿತು, ಇಪ್ಪತ್ತು ಹೋಯಿತು. ಆ ಗುಂಡಿಯ ಹೆಸರು ಮಹಾನಂದಾಗೆ ಬಾಯಿಪಾಠವಾಗಿತ್ತು, ನಾಲಗೆಯ ತುದಿಯಲ್ಲಿತ್ತು. ಆದರೂ ಹೇಳಲಿಲ್ಲ.

"ಹಲೋ? ಹಲೋ ಅಕ್ಕಾರ?" ಇಳಕಲ್ಲಿನಿಂದ ಗಾಬರಿಯ ದನಿ ಬಂತು. "ಫೋನ್ ಕಟ್ಟಾತೇನ್ರಿ?"

"ಇಲ್ರೀ ತಂಗಿ, ಕಟ್ಟಾಗಿಲ್ಲ," ಎಂದಳು ಮಹಾನಂದಾ, ತಮ್ಮನ ಕಣ್ಣಿನಿಂದ ಕಣ್ಣು ತೆಗೆಯದೆ. "ಮಾತು ಬರಾಕತ್ತೈತಿ. ಸ್ವಲ್ಪ ತಡೀರಿ."